ಚಾಕು ಇಲ್ಲದ ಮನೆ

ಎರಡು ತಿಂಗಳು ನಮ್ಮ ಮನೆಯಲ್ಲಿ ಚಾಕು ಇರಲಿಲ್ಲ. ಈಳಿಗೆ ಇರಲಿಲ್ಲ, ಕತ್ತರಿ ಇರಲಿಲ್ಲ, ಗಡ್ಡ ಹೆರೆಯುವ ಬ್ಲೇಡೂ ಇರಲಿಲ್ಲ. ಬದನೆಕಾಯಿ, ಉಳ್ಳಾಗಡ್ಡಿ ಸೆರಗಿನಲ್ಲಿ ಕಟ್ಟಿಕೊಂಡು ಪಕ್ಕದ ಯಮನೂರಮ್ಮನ ಮನೆಗೆ ಹೋಗಿ ಹೆಚ್ಚಿಕೊಂಡು ಬರುತ್ತಿದ್ದೆ. ಅವಳ ಮನೆಗೆ ಬೀಗ ಬಿದ್ದಿದ್ದರೆ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆಯುತ್ತಿದ್ದೆ. ಗುದ್ದುವಾಗ ಸ್ವಲ್ಪ ಸಮಾಧಾನವೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನನಗೆ ಮೊದಲೇ ಸಿಟ್ಟು ಜಾಸ್ತಿ. ಮಸ್ಕಿಯಲ್ಲಿ ಖಡಕ್ ರೊಟ್ಟಿ ಮಾರುವ ಜಮೀಲಾಬೀಯ ರೊಟ್ಟಿಗಿಂತ ಬಾಯಿಯೇ ಖಡಕ್ ಅಂತ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಇದಕ್ಕೆಲ್ಲ ಕಾರಣ ನನ್ನ ಮಗಳು ಕಹಕಶಾ. ಇಪ್ಪತ್ತು ವರ್ಷ. ಸಿಂಧನೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ದಸರೆ ರಜೆ ಮುಗಿದು ಕಾಲೇಜು ಶುರುವಾದ ವಾರ, ಒಂದು ಮಧ್ಯಾಹ್ನ, ರೂಮಿನಲ್ಲಿ ಒಬ್ಬಳೇ ಇದ್ದಾಗ ಪ್ರಾಣ ಕಳೆದುಕೊಳ್ಳಲು ಹೋದಳು. ಹೇಗೆ ಅಂತ ನಾನು ಹೇಳುವುದಿಲ್ಲ. ಕೇಳಲೆಂದೇ ಬಂದು ಚಹಾ ಕುಡಿದು ಹೋದ ನೆಂಟರಿಗೂ ಹೇಳಿಲ್ಲ. ಅವಳ ಗೆಳತಿ ಭಾಗ್ಯಶ್ರೀ ತಲೆನೋವೆಂದು ಕ್ಲಾಸು ಬಿಟ್ಟು ಬೇಗ ರೂಮಿಗೆ ಬಂದಿದ್ದಳು, ಅದಕ್ಕೆ ನನ್ನ ಮಗಳು ಉಳಿದಳು. ಉಳಿದಳು ಅಷ್ಟೆ. ಮನೆಗೆ ಕರೆತಂದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳುತ್ತಿರಲಿಲ್ಲ.

ಯಾಕೆ ಹಾಗೆ ಮಾಡಿದೆ ಅಂತ ನೂರು ಸಲ ಕೇಳಿದೆ. ಹುಡುಗನ ವಿಷಯವೇ? ಪರೀಕ್ಷೆಯೇ? ಯಾರಾದರೂ ಏನಾದರೂ ಅಂದರೇ? ಅವಳ ಉತ್ತರ ಒಂದೇ. “ಏನೂ ಇಲ್ಲ ಅಮ್ಮೀ. ಯಾವುದೂ ಬ್ಯಾಡ ಅನಸ್ತು.” ಈ ಮಾತು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಯಾವುದೂ ಬೇಡ ಅಂದರೆ ನಾನೂ ಬೇಡ ಅಂತಲೇ ಅಲ್ಲವೇ ಅರ್ಥ? ಅವಳನ್ನು ತೋರಿಸುತ್ತಿದ್ದ ಲಿಂಗಸುಗೂರಿನ ಮೇಡಂ ಡಾಕ್ಟರ ಮುಂದೆ ಇದನ್ನೇ ಹೇಳಿಕೊಂಡು ಅತ್ತೆ.

“ಜ್ವರ ಬಂದರೆ ಯಾಕೆ ಬಂತು ಅಂತ ಮಗಳಿಗೆ ಬೈತೀರೇನಮ್ಮ?” ಅಂದರು ಅವರು. “ಇದೂ ಒಂದು ಕಾಯಿಲೆನೇ. ಔಷಧ ಐತಿ, ಟೈಮ್ ಹಿಡೀತದ. ಯಾಕೆ ಯಾಕೆ ಅಂತ ಅವಳ ತಲೆ ತಿನ್ನಬ್ಯಾಡ್ರಿ. ಒಬ್ಬಳನ್ನೇ ಬಿಡಬ್ಯಾಡ್ರಿ. ಅಪಾಯದ ಸಾಮಾನು ಯಾವುದೂ ಕೈಗೆ ಸಿಗದಂಗ ನೋಡಿಕೋರಿ.”

ನಾನು ಅರ್ಧ ಕೆಲಸ ಮಾಡುವವಳಲ್ಲ. ಬಚ್ಚಲ ಬಾಗಿಲಿನ ಚಿಲಕ ಕೀಳಿಸಿದೆ. ಗುಳಿಗೆಯ ಪೊಟ್ಟಣ ನನ್ನ ರವಿಕೆಯೊಳಗೇ ಇರುತ್ತಿತ್ತು. ಫಿನಾಯಿಲ್, ಹಗ್ಗ, ಸೂಜಿ, ಚಾಕು, ಈಳಿಗೆ ಎಲ್ಲ ಯಮನೂರಮ್ಮನ ಅಟ್ಟಕ್ಕೆ ಹೋದವು. ನನ್ನ ಗಂಡ ಮಹಮ್ಮದಸಾಬ ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟುಕೊಂಡವರು. ಅಂಗಡಿಯ ಕೀಲಿಯನ್ನು ಕೂಡ ಮನೆಗೆ ತರಬೇಡಿ, ಅಲ್ಲಿ ಹರಿತದ ಸಾಮಾನು ಇವೆ ಅಂತ ತಾಕೀತು ಮಾಡಿದೆ. ಪಾಪ, ಆ ಮನುಷ್ಯ ಕೀಲಿಯನ್ನು ಪಕ್ಕದ ಚಹಾದಂಗಡಿಯಲ್ಲಿ ಕೊಟ್ಟು ಬರುತ್ತಿದ್ದರು.

ಹೀಗಿರುವಾಗ ಒಂದು ದಿನ ರೊಟ್ಟಿ ಬಡಿಯುತ್ತಿದ್ದೆ. ಕಹಕಶಾ ತಾನಾಗಿ ಎದ್ದು ಒಲೆಯ ಹತ್ತಿರ ಬಂದಳು. ಕೈಯಲ್ಲಿ ಫೋನಿತ್ತು.

“ಅಮ್ಮೀ, ನನಗೊಂದು ಸಣ್ಣ ಚಾಕು ಬೇಕು.”

ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು. ನನಗೆ ಅದರ ಖಬರೇ ಇರಲಿಲ್ಲ.

ಅವಳು ಫೋನು ತೋರಿಸಿದಳು. ಯಾವುದೋ ದೇಶದ ಮುದುಕ ಮನೆಯ ಮೆಟ್ಟಿಲ ಮೇಲೆ ಕೂತು ಅಂಗೈಯಗಲದ ಕಟ್ಟಿಗೆಯನ್ನು ಚಾಕುವಿನಿಂದ ಹೆರೆಯುತ್ತಿದ್ದ. ಹೆರೆದ ಸಿಪ್ಪೆ ಸುರುಳಿ ಸುತ್ತಿ ಕಾಲ ಬಳಿ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಕಟ್ಟಿಗೆ ಹಕ್ಕಿಯಾಯಿತು. ಹೊದಿಕೆಯೊಳಗೆ ಹದಿನೈದು ದಿನದಿಂದ ಇವಳು ನೋಡುತ್ತಿದ್ದದ್ದು ಇದನ್ನೇ ಅಂತೆ.

“ಹೊಸದಾಗಿ ಕಲಿಯೋರಿಗೂ ಬರತೈತಂತ. ಮನಸಿಗೆ ಆರಾಮ ಆಗತೈತಂತ.”

“ಮನಸಿಗೆ ಆರಾಮ ಬೇಕಂದ್ರ ಮೆಹಂದಿ ಹಾಕು. ಕಸೂತಿ ಹಾಕು. ನನ್ನ ಜೋಡಿ ಕುಂತು ರೊಟ್ಟಿ ಬಡಿ. ಇಷ್ಟೆಲ್ಲಾ ಬಿಟ್ಟು ಚಾಕೂನ ಬೇಕಾತೇನು ನಿನಗ?”

“ಕಸೂತಿಗೆ ಸೂಜಿ ಬೇಕಲ್ಲ ಅಮ್ಮೀ. ಅದನ್ನೂ ನೀ ಮುಚ್ಚಿಟ್ಟೀಯಲ್ಲ.”

ಅಷ್ಟು ಹೇಳಿ ಹೋಗಿ ಮತ್ತೆ ಗೋಡೆಗೆ ಮುಖ ಮಾಡಿದಳು. ನಾನು ಒಲೆಯ ಮುಂದೆ ಕೂತೇ ಇದ್ದೆ. ಬೈದದ್ದಕ್ಕೆ ಪಶ್ಚಾತ್ತಾಪವೇನೂ ಇರಲಿಲ್ಲ. ಆದರೆ ಒಂದು ಮಾತು ಬಿಡದೆ ಕೊರೆಯಿತು. ಎರಡು ತಿಂಗಳು ಬೇಡ, ಬೇಡ ಅಂದ ಹುಡುಗಿ ಇವತ್ತು ‘ಬೇಕು’ ಅಂದಿದ್ದಳು. ಬೇಕು ಅಂದದ್ದೇನು? ನನ್ನ ನಸೀಬು, ಚಾಕು.

ಮುಂದಿನ ಸಲ ಲಿಂಗಸುಗೂರಿಗೆ ಹೋದಾಗ ಮೇಡಂ ಡಾಕ್ಟರು ಗದರಿಸಿ ಬಿಡಿಸುತ್ತಾರೆ ಅಂತ ನಂಬಿ ಅವರ ಮುಂದೆ ಹೇಳಿದೆ. ಅವರು ನನ್ನನ್ನು ಬಿಟ್ಟು ಮಗಳನ್ನು ನೋಡಿದರು. ಮನಸ್ಸು ಸರಿಯಿಲ್ಲ ಅನಿಸಿದ ದಿನ ಬಾಯಿಬಿಟ್ಟು ಹೇಳ್ತೀಯಾ ಅಂತ ಅವಳನ್ನು ಕೇಳಿದರು. ಅವಳು ತಲೆಯಾಡಿಸಿದಳು. ಮತ್ತೂ ಏನೇನೋ ಕೇಳಿ, ಬಹಳ ಹೊತ್ತು ಯೋಚಿಸಿ, ಕಡೆಗೆ ನನಗೆ ಹೇಳಿದರು: “ಮಾಡಲಿ. ಆದ್ರ ನೀವು ಎದುರಿಗೆ ಕೂತಾಗ ಮಾತ್ರ. ಮುಗಿದ ಕೂಡಲೇ ಚಾಕು ನಿಮ್ಮ ಹತ್ರ. ಒಂದು ನಿಮಿಷನೂ ಚಾಕು ಜೊತೆ ಒಬ್ಬಳನ್ನೇ ಬಿಡಬಾರದು.” ಬಸ್ಸಿನಲ್ಲಿ ಮಸ್ಕಿಗೆ ಬರುವಷ್ಟೂ ದಾರಿ, ಓದಿದವರಿಗೂ ಬುದ್ಧಿ ಕೆಡುತ್ತದೆ ಅಂತ ಅವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಹೊರಗೆ ನೋಡುತ್ತಿದ್ದಳು.

ಸಂತೆಕಲ್ಲೂರು ದಾರಿಯಲ್ಲಿ ಬಡಿಗ ಮೌನೇಶಪ್ಪನ ಕೊಟ್ಟಿಗೆ ಇದೆ. ಮೊದಲು ನೇಗಿಲು, ಕೂರಿಗೆ ಮಾಡುತ್ತಿದ್ದವನು ಈಗ ಬಾಗಿಲು, ಮಂಚ ಮಾಡುತ್ತಾನೆ. ವಯಸ್ಸು ಎಪ್ಪತ್ತರ ಹತ್ತಿರ. ಬೈದುಕೊಂಡೇ ಮಗಳನ್ನು ಅಲ್ಲಿಗೆ ಕರೆದೊಯ್ದೆ. ಮುರಿದ ಗರಗಸದ ಪಟ್ಟಿಯಿಂದ ಬೆರಳುದ್ದದ ಚಾಕು ಮಾಡಿ, ಬೇವಿನ ಹಿಡಿ ಹಾಕಿದ. ಯಾಕೆ ಬೇಕು ಅಂತ ಕೇಳಲಿಲ್ಲ. ಊರಿಗೆಲ್ಲ ಗೊತ್ತಿರುವುದು ಅವನಿಗೆ ಗೊತ್ತಿರುವುದಿಲ್ಲವೇ? ಹಾಲವಾಣ ಮರದ ಮೆತ್ತನೆಯ ತುಂಡೊಂದನ್ನು ಮಗಳ ಮುಂದಿಟ್ಟು, ಕಾಲೇಜಿನ ಮಾಸ್ತರರ ಹಾಗೆ ಪಾಠ ಶುರುಮಾಡಿದ.

“ಕಟಗಿಯೊಳಗ ಎಳಿ ಯಾ ಕಡೆ ಓಡತೈತಿ ಮೊದಲು ನೋಡವ್ವ. ಅದರ ಜೋಡಿ ಹೋಗು, ಎದುರ ಹೋಗಬ್ಯಾಡ. ಒಮ್ಮೆಲೆ ದೊಡ್ಡ ಚಕ್ಕಿ ತಗೀಬ್ಯಾಡ, ಉಳ್ಳಾಗಡ್ಡಿ ಸಿಪ್ಪಿಯಂಗ ತೆಳ್ಳಗ ತಗಿ. ಅವಸರ ಮಾಡಿದ್ರ ಇದು ಬರಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿದ. “ತಂಗಿ, ಎಂಟು ದಿನಕ್ಕೊಮ್ಮೆ ಚಾಕು ತಂದು ಕೊಡು, ಮಸದು ಕೊಡ್ತೀನಿ. ಅಲಗು ಚಲೋ ಇರಬೇಕು, ಮರೀಬ್ಯಾಡ.”

ನಾನು ಹೂಂ ಅಂದೆ. ಕಿವಿ ಅವನ ಮಾತಿನ ಮೇಲಿರಲಿಲ್ಲ. ಕಣ್ಣು ಆ ಅಲಗಿನ ಮೇಲಿತ್ತು. ಅವನು ಚಾಕುವನ್ನು ಹಲಗೆಯ ಮೇಲಿಟ್ಟ, ನಾನು ಎತ್ತಿಕೊಂಡೆ. ನಮ್ಮ ಕಡೆ ಚಾಕು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಹತ್ತುತ್ತದಂತೆ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು.

ಅವತ್ತಿನಿಂದ ದಿನಾ ನಾಲ್ಕು ಗಂಟೆಗೆ ಹಿತ್ತಿಲಿನಲ್ಲಿ ಇಬ್ಬರೂ ಎದುರುಬದುರು ಕೂರುವುದಾಯಿತು. ನಾನು ಸೊಂಟದ ಚೀಲದಿಂದ ಚಾಕು ತೆಗೆದು ನೆಲಕ್ಕಿಡುತ್ತಿದ್ದೆ, ಅವಳು ಎತ್ತಿಕೊಳ್ಳುತ್ತಿದ್ದಳು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಆರಿಸುವವಳ ಹಾಗೆ ಕೂರುತ್ತಿದ್ದೆನೇ ಹೊರತು ಒಂದು ಕಲ್ಲೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ರಾತ್ರಿ ಊಟದಲ್ಲಿ ನನ್ನ ಗಂಡ ಕಲ್ಲು ಕಡಿದು, ತೆಗೆದು ತಟ್ಟೆಯ ಅಂಚಿಗಿಡುತ್ತಿದ್ದರು.

ಮೊದಲ ಎರಡು ದಿನ ಅವಳು ಬರೀ ಕಡ್ಡಿಯ ತುದಿ ಚೂಪು ಮಾಡಿದಳು. ಆಮೇಲೆ ಸಾರು ತಿರುವುವ ಒಂದು ಹುಟ್ಟು ಮಾಡಿದಳು. ಅದರ ಸೊಟ್ಟ ಮೂತಿ ನೋಡಿ ಯಮನೂರಮ್ಮ “ಇದರಾಗ ಸಾರು ತಿರುವಿದ್ರ ಸಾರೂ ಸೊಟ್ಟ ಹರದೀತು” ಅಂತ ತಮಾಷೆ ಮಾಡಿದಳು. ಕಹಕಶಾ ತುಟಿಯ ಒಂದು ಮೂಲೆಯಲ್ಲಿ ನಕ್ಕಳು. ನಾನು ನೋಡಿದೆ, ಖಂಡಿತ ನಕ್ಕಳು. ಹೆರೆಯುವಾಗ ಅವಳ ಹೆಗಲು ಇಳಿಯುತ್ತಿತ್ತು, ಹುಬ್ಬಿನ ಗಂಟು ಬಿಡುತ್ತಿತ್ತು. ಐದನೆಯ ದಿನ ಮಡಿಲಿನ ಸಿಪ್ಪೆ ಕೊಡವಿ ಎದ್ದವಳು “ಅಮ್ಮೀ, ಹಸಿವಾಗೈತಿ” ಅಂದಳು. ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಿದೆ. ಕಣ್ಣೀರು ಎಷ್ಟು ಬಂತೆಂದರೆ ಆ ದಿನ ಹಿಟ್ಟಿಗೆ ಬೇರೆ ಉಪ್ಪು ಬೇಕಿರಲಿಲ್ಲ.

ಇಷ್ಟಕ್ಕೆ ಸುಮ್ಮನಿದ್ದರೆ ನಾನು ಜಮೀಲಾಬೀ ಹೇಗಾದೇನು? ಸೊಂಟದಲ್ಲಿ ಆ ಚಾಕು ಇರುವಷ್ಟು ಹೊತ್ತೂ ನನಗೆ ಕೆಂಡ ಕಟ್ಟಿಕೊಂಡ ಹಾಗಾಗುತ್ತಿತ್ತು. ಅವಳು ಅದನ್ನು ಎತ್ತಿಕೊಂಡ ಕೂಡಲೇ ಜೀವ ಬಾಯಿಗೆ ಬರುತ್ತಿತ್ತು. ಕಟ್ಟಿಗೆಯ ಮೇಲೆ ಓಡುವುದು ಒಂದು ಗಳಿಗೆಯಲ್ಲಿ ಬೇರೆ ಕಡೆ ಓಡಿದರೆ? ನಾನು ಕೈ ಚಾಚುವಷ್ಟರಲ್ಲಿ ಮುಗಿದಿರುತ್ತದೆ. ಆರನೆಯ ದಿನ ಬೆಳಿಗ್ಗೆ ಬಟ್ಟೆ ಒಗೆಯುವಾಗ ಉಪಾಯ ಹೊಳೆಯಿತು. ಚಾಕು ತೆಗೆದು ಒಗೆಯುವ ಕಲ್ಲಿಗೆ ಅಲಗನ್ನು ನೆಟ್ಟಗೆ ಹಿಡಿದು ಏಳೆಂಟು ಸಲ ತಿಕ್ಕಿದೆ. ಹರಿತವೇ ಇಲ್ಲದ ಮೇಲೆ ಅದು ಏನು ಮಾಡೀತು? ಅವಳ ಆಟವೂ ನಡೆಯುತ್ತದೆ, ನನ್ನ ಜೀವವೂ ತಣ್ಣಗಿರುತ್ತದೆ. ಅವತ್ತಿನಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ಇಷ್ಟು ಜಾಣತನ ಆ ಡಾಕ್ಟರಿಗೂ ಹೊಳೆಯಲಿಲ್ಲವಲ್ಲ ಅಂತ ಒಳಗೊಳಗೇ ಬೀಗಿದೆ.

“ಅಮ್ಮೀ, ಚಾಕು ಓಡವಲ್ದು,” ಅಂದಳು ಎರಡು ದಿನದ ಮೇಲೆ.

“ಕಟಗಿ ಒಣಗೈತಿ, ಅದಕ್ಕ.”

“ಮೌನೇಶಪ್ಪ ಕಾಕಾ ಮಸದು ಕೊಡ್ತೀನಿ ಅಂದಿದ್ದ.”

“ಅವ ಮುದಗಲ್ಲಿಗೆ ಮದುವಿಗೆ ಹೋಗ್ಯಾನ. ಬರಲಿ.”

ಮೌನೇಶಪ್ಪ ಎಲ್ಲಿಗೂ ಹೋಗಿರಲಿಲ್ಲ. ಸುಳ್ಳು ನನ್ನ ಬಾಯಿಂದ ಸಲೀಸಾಗಿ ಬಂತು. ಅವಳು ಆಗ ಒಂದು ಹಕ್ಕಿ ಮಾಡುತ್ತಿದ್ದಳು. ತಲೆ, ಕೊಕ್ಕು, ಬೆನ್ನು ಬಂದಿತ್ತು. ಬಾಲ ಬಾಕಿ ಇತ್ತು. ಹಲ್ಲು ಕಚ್ಚಿ, ಹೆಗಲು ಬಿಗಿದು, ಚಾಕುವನ್ನು ಒತ್ತಿ ಒತ್ತಿ ತಳ್ಳುತ್ತಿದ್ದಳು. ಸಡಿಲಾಗಿದ್ದ ಮುಖ ಮತ್ತೆ ಗಂಟಾಯಿತು. ನನ್ನ ಕಣ್ಣಿಗೆ ಅದು ಬೀಳಲಿಲ್ಲ ಅಂತಲ್ಲ, ಬಿತ್ತು. ಬೇಸರ ಬಂದು ತಾನೇ ಬಿಟ್ಟುಬಿಡಲಿ ಅಂತ ಸುಮ್ಮನಿದ್ದೆ.

ಶುಕ್ರವಾರ ಹಿತ್ತಿಲಿನಲ್ಲಿ ಕೂತಿದ್ದೆವು. ಮುಂದಿನ ಬಾಗಿಲು ಬಡಿದ ಸದ್ದು. ಸಿಂಧನೂರಿನ ಖಾನಾವಳಿಯವನು ರೊಟ್ಟಿ ಒಯ್ಯಲು ಬಂದಿದ್ದ, ಬಸ್ಸು ಹೊರಡುತ್ತದೆ ಬೇಗ ಕೊಡಿ ಅಂತ ಕೂಗುತ್ತಿದ್ದ. ಚಾಕು ಕೆಳಗಿಡು ಅನ್ನಬೇಕಿತ್ತು. ಅನ್ನಲಿಲ್ಲ. ಹೇಗೂ ಮೊಂಡು ಚಾಕು ಅಂತ ಧೈರ್ಯ. ಕಟ್ಟಿಟ್ಟಿದ್ದ ಗಂಟು ಅವನ ಕೈಗೆ ಕೊಟ್ಟು ಬರಲು ಎಷ್ಟು ಹೊತ್ತು ಹಿಡಿದೀತು, ಅಷ್ಟರೊಳಗೆ “ಅಮ್ಮೀ” ಅಂತ ಕೇಳಿಸಿತು.

ಓಡಿ ಬಂದೆ. ಹಕ್ಕಿ ಮಣ್ಣಿನಲ್ಲಿ ಬಿದ್ದಿತ್ತು. ಅವಳ ಎಡಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಹತ್ತಿರದವರೆಗೆ ಸೀಳಿ, ರಕ್ತ ಮೊಣಕೈಗೆ ಇಳಿಯುತ್ತಿತ್ತು. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

“ಮತ್ತ ಮಾಡಿದೆಲ್ಲೇ,” ಅಂದೆ. “ಮತ್ತ ಯಾಕ ಮಾಡಿದಿ. ನಾ ಏನ ಕಡಿಮಿ ಮಾಡೀನಿ ನಿನಗ.”

“ಇಲ್ಲಮ್ಮೀ, ಜಾರ್ತು. ಚಾಕು ಜಾರ್ತು.”

ನಾನು ಅವಳ ಕೆನ್ನೆಗೆ ಹೊಡೆದೆ. ರಕ್ತ ಸುರಿಯುತ್ತಿದ್ದ ಮಗಳಿಗೆ ಹೊಡೆದೆ. ಇದನ್ನು ಯಾರಿಗೂ ಹೇಳದೆ ಇದ್ದುಬಿಡಬಹುದಿತ್ತು. ಆದರೆ ಅಲ್ಲಾಹನಿಗೆ ಗೊತ್ತಿದೆ, ಅವಳಿಗೆ ಗೊತ್ತಿದೆ, ನನ್ನ ಕೈಗೂ ಗೊತ್ತಿದೆ.

ದವಾಖಾನೆಯಲ್ಲಿ ಆರು ಹೊಲಿಗೆ ಬಿದ್ದವು. ಹೊಲಿಗೆ ಹಾಕಿದವರು ಹಳೆಯ ಚೀಟಿ ನೋಡಿದರು, ಇದು ಹೇಗಾಯಿತು ಅಂತ ಕೇಳಿದರು. ಕಟ್ಟಿಗೆ ಕೆತ್ತುವಾಗ ಜಾರಿತು ಅಂದಳು. ಅವರು ನನ್ನ ಮುಖ ನೋಡಿದರು. ಹೌದು, ನನ್ನ ಮಗಳು ಹೇಳುವುದು ಖರೆ ಅಂತ ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ನನ್ನ ಗಂಡ ಗ್ರೀಸು ಮೆತ್ತಿದ ಕೈಯಲ್ಲೇ ಓಡಿ ಬಂದರು. ಮಗಳ ಪಟ್ಟಿ ಕಟ್ಟಿದ ಕೈ ನೋಡಿ, ಗೋಡೆ ಹಿಡಿದುಕೊಂಡು ಅಳುತ್ತಾ ಕೂತುಬಿಟ್ಟರು.

ಮನೆಗೆ ಬಂದ ಮೇಲೆ ಅವಳು ನನಗೆ ಹೇಳಿದ್ದು ಒಂದೇ ಮಾತು. “ನೀನೂ ನಂಬಲಿಲ್ಲ.” ಆಮೇಲೆ ಗೋಡೆಗೆ ತಿರುಗಿದಳು.

ಎರಡು ದಿನ ನೀರು ಬಿಟ್ಟು ಏನೂ ಇಳಿಯಲಿಲ್ಲ. ಗುಳಿಗೆ ಕೊಟ್ಟರೆ ಬಾಯಿ ಬಿಗಿದಳು. ಮೊದಲೂ ಮಲಗಿರುತ್ತಿದ್ದಳು, ಆದರೆ ಕರೆದರೆ ಕಣ್ಣಾದರೂ ತೆರೆಯುತ್ತಿದ್ದಳು. ಈಗ ಅದೂ ಇಲ್ಲ. ಪಾದ ಒತ್ತಿದೆ, ಕೈಮುಗಿದೆ, ಬೈದೆ, ಮತ್ತೆ ಪಾದ ಹಿಡಿದೆ. ಮೇಡಂ ಡಾಕ್ಟರಿಗೆ ಫೋನು ಹಚ್ಚಿದರೆ, ಸೋಮವಾರ ಬೆಳಿಗ್ಗೆಯೇ ಕರೆತನ್ನಿ, ಅಲ್ಲಿಯವರೆಗೆ ಒಬ್ಬರು ಪಕ್ಕದಿಂದ ಏಳಬೇಡಿ ಅಂದರು. ನನ್ನ ಗಂಡ ಹೊಸ್ತಿಲಲ್ಲಿ ಕೂತು, ನನ್ನನ್ನು ನೋಡದೆ ಹೇಳಿದರು: “ಜಮೀಲಾ, ಇದು ನಮ್ಮ ಕೈಲೆ ಆಗಂಗಿಲ್ಲ. ಧಾರವಾಡಕ್ಕ ಒಯ್ದು ಅಡ್ಮಿಟ್ ಮಾಡೂನು. ಅಲ್ಲರ ಉಳೀಲಿ.”

ಆ ಮನುಷ್ಯ ಸೋತು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಯಾರ ಮೇಲಾದರೂ ಹರಿಹಾಯಬೇಕಿತ್ತು. ಭಾನುವಾರ ಬೆಳಿಗ್ಗೆ ಮಗಳ ಹತ್ತಿರ ಅವರನ್ನೂ ಯಮನೂರಮ್ಮನನ್ನೂ ಕೂರಿಸಿ, ಚಾಕು ತೆಗೆದುಕೊಂಡು ಮೌನೇಶಪ್ಪನ ಕೊಟ್ಟಿಗೆಗೆ ಹೋದೆ. ಅವನು ಬಾಗಿಲಿನ ಚೌಕಟ್ಟಿಗೆ ರಂಧ್ರ ಹೊಡೆಯುತ್ತಿದ್ದ. ಚಾಕುವನ್ನು ಅವನ ಮುಂದೆ ಬಿಸಾಡಿದೆ.

“ತಗೋ ನಿನ್ನ ಚಾಕು. ಚಲೋ ಅಲಗು ಬೇಕಂತ, ಚಲೋ ಅಲಗು. ನನ್ನ ಮಗಳ ಕೈ ಕೊಯ್ತು. ನಿನಗ ಮಕ್ಕಳು ಇಲ್ಲೇನು? ಕೇಳಿದ ಕೂಡ್ಲೆ ಚಾಕು ಮಾಡಿ ಕೊಡೋದೇನು?”

ಅವನು ಸಿಟ್ಟಾಗಲಿಲ್ಲ. ಚಾಕು ಎತ್ತಿ, ಅಲಗನ್ನು ಬೆಳಕಿಗೆ ಹಿಡಿದು ನೋಡಿದ. ಹೆಬ್ಬೆರಳ ಉಗುರಿನ ಮೇಲೆ ಇಟ್ಟು ಎಳೆದ. ಅದು ಸುಮ್ಮನೆ ಜಾರಿತು.

“ಇದನ್ನ ಯಾರು ಕಲ್ಲಿಗೆ ತಿಕ್ಕ್ಯಾರ?”

ನಾನು ಸೆರಗು ಸರಿಮಾಡಿಕೊಂಡೆ.

“ಹುಡುಗಿಗೆ ಎಡಗೈ ಹೆಬ್ಬೆರಳ ಬುಡಕ್ಕ ಬಿದ್ದೈತಿ, ಹೌದಲ್ಲ? ಇಲ್ಲಿಂದ ಹಿಂಗ ಕೆಳಗ.”

ಎಲ್ಲಿ ಕೊಯ್ದಿದೆ ಅಂತ ನಾನು ಅವನಿಗೆ ಹೇಳಿರಲೇ ಇಲ್ಲ. “ನಿನಗ ಯಾರು ಹೇಳಿದ್ರು?”

ಅವನು ತನ್ನ ಎಡಗೈ ಚಾಚಿದ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ಒಂದಲ್ಲ, ಮೂರು ಹಳೆಯ ಗಾಯದ ಗೆರೆ. ನನ್ನ ಮಗಳ ಹೊಲಿಗೆ ಇದ್ದ ಜಾಗದಲ್ಲೇ.

“ಕಲಿಯೋವಾಗಿನವು. ಮೂರೂ ಮೊಂಡ ಚಾಕು ಕೊಟ್ಟವು. ಹರಿತ ಇದ್ದದ್ದು ಕಟಗಿಯೊಳಗ ಇಳಿದು, ಹೇಳಿದಂಗ ಕೇಳತೈತಿ ತಂಗಿ. ಮೊಂಡ ಇದ್ದದ್ದು ಇಳಿಯಂಗಿಲ್ಲ. ಇಳಿಯವಲ್ದು ಅಂತ ಮಂದಿ ಜೋರ ಹಾಕತಾರ. ಜೋರ ಹಾಕಿದಾಗ ಮ್ಯಾಲಿಂದ ಸರ್ರನ ಜಾರಿ, ಕಟಗಿ ಹಿಡಿದ ಕೈಗೆ ಬರತೈತಿ. ಅದಕ್ಕ ಎಂಟು ದಿನಕ್ಕೊಮ್ಮೆ ತಾ ಅಂದಿದ್ನಿ.”

ಜಾರ್ತು ಅಂದಿದ್ದಳು. ಮೂರು ಸಲ ಅಂದಿದ್ದಳು: ಹಿತ್ತಿಲಿನಲ್ಲಿ, ಆಟೋದಲ್ಲಿ, ದವಾಖಾನೆಯಲ್ಲಿ. ಮರದ ಹೊಟ್ಟಿನ ಮೇಲೆ ಹಾಗೇ ಕುಸಿದು ಕೂತೆ. “ನಾನ ತಿಕ್ಕಿದ್ದು, ಅಣ್ಣಾ. ದಿನಾ ಮುಂಜಾನೆ ನಾನ ತಿಕ್ಕಿದ್ದು. ಅಕಿ ಕೈಯಾಗ ಹರಿತ ಇರಬಾರದು ಅಂತ.” ನನ್ನ ಮಗಳ ಕೈ ಕೊಯ್ದವಳು ನಾನು. ಕೊಯ್ದು, ಅವಳ ಕೆನ್ನೆಗೂ ಹೊಡೆದವಳು ನಾನು. ಎದೆ ಬಡಿದುಕೊಂಡು ಅತ್ತೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ.

ಮೌನೇಶಪ್ಪ ಮಸೆಯುವ ಕಲ್ಲು ತಂದು ನನ್ನ ಮುಂದಿಟ್ಟು ನೀರು ಚಿಮುಕಿಸಿದ.

“ಅಳೋದು ಆಮ್ಯಾಲೆ ಐತಿ. ಮೊದಲು ಮಸಿಯೋದು ಕಲಿ.”

ಅಲಗನ್ನು ಕಲ್ಲಿನ ಮೇಲೆ ಮಲಗಿಸಬೇಕು. ಬೆನ್ನನ್ನು ಒಂದು ನಾಣ್ಯದ ದಪ್ಪದಷ್ಟು ಮಾತ್ರ ಎತ್ತಬೇಕು. ಕಲ್ಲಿನ ಸಿಪ್ಪೆ ತೆಗೆಯುವ ಹಾಗೆ ಮುಂದಕ್ಕೆ ತಳ್ಳಬೇಕು. ಈ ಬದಿ ಎಷ್ಟೋ ಆ ಬದಿಯೂ ಅಷ್ಟೇ. ನೀರು ಆರಬಾರದು. ಇಷ್ಟೇ ಕೆಲಸ. ಇಷ್ಟಕ್ಕೆ ನನಗೆ ಎರಡು ತಾಸು ಹಿಡಿಯಿತು. ತಳ್ಳಿದಷ್ಟೂ ಅದು ಹರಿತವಾಗುತ್ತಿತ್ತು. ಎರಡು ತಿಂಗಳು ಯಾವುದನ್ನು ಮನೆಯಿಂದ ಓಡಿಸಿದ್ದೆನೋ ಅದನ್ನೇ ಈಗ ನನ್ನ ಕೈಯಾರೆ ಮಾಡುತ್ತಿದ್ದೆ. ಕಡೆಗೆ ಅವನು ಹಳೆಯ ಕ್ಯಾಲೆಂಡರಿನ ಹಾಳೆ ಹಿಡಿದು ಕೊಯ್ಯಿ ಅಂದ. ಚಾಕು ಸದ್ದಿಲ್ಲದೆ ಹಾಳೆಯನ್ನು ಎರಡು ಮಾಡಿತು.

ಮನೆಗೆ ಬಂದು ಮಗಳ ಹಾಸಿಗೆಯ ಪಕ್ಕ ಕೂತೆ. ಎಲ್ಲವನ್ನೂ ಅವಳ ಬೆನ್ನಿಗೇ ಹೇಳಿದೆ, ಮುಖ ಸಿಗದ ಮೇಲೆ ಇನ್ನೇನು ಮಾಡಲಿ. ಕಲ್ಲಿಗೆ ತಿಕ್ಕಿದ್ದು, ಮೌನೇಶಪ್ಪ ಮದುವೆಗೆ ಹೋಗಿದ್ದಾನೆಂದು ಸುಳ್ಳು ಹೇಳಿದ್ದು, ಅವನ ಕೈಯ ಗಾಯ, ಎಲ್ಲ. ಆಮೇಲೆ ಕಹಕಶಾ ಹೊದಿಕೆ ಒದ್ದು ಎದ್ದು ಕೂತಳು.

“ನನ್ನ ಹೊಡದಿ.”

“ಹೊಡದ್ನಿ.”

“ದವಾಖಾನ್ಯಾಗ ನನ್ನ ಸುಳ್ಳಿ ಮಾಡಿ ತಲಿ ತಗ್ಗಿಸಿ ನಿಂತಿ. ಅಬ್ಬಾಜಾನ್ ಅಳಾಕತ್ತಿದ್ರು, ಆಗೂ ಹೇಳಲಿಲ್ಲ.”

“ಆಗ ನನಗ ಗೊತ್ತಿರಲಿಲ್ಲ ಬೇಟಾ.”

“ಗೊತ್ತಿಲ್ಲಂದ್ರ ನಂಬಬೇಕಿತ್ತು.”

ಅವಳು ನಿಲ್ಲಿಸಲಿಲ್ಲ. ಚಿಲಕ ಇಲ್ಲದ ಬಚ್ಚಲು, ಹೊರಗೆ ನಿಂತು ನಿಮಿಷಕ್ಕೊಮ್ಮೆ ಹೆಸರು ಕೂಗುವ ನಾನು, ನೆಂಟರೆದುರು ನನ್ನ ಅಳು, ಒಂದೊಂದನ್ನೂ ಎತ್ತಿ ಎತ್ತಿ ಬೈದಳು. ಯಮನೂರಮ್ಮ ಗಾಬರಿಯಾಗಿ ಬಾಗಿಲಿಗೆ ಬಂದಳು. ಹೋಗು ಅಂತ ಕೈ ಮಾಡಿದೆ. ನನ್ನ ಮಗಳು ನನ್ನದೇ ದನಿಯಲ್ಲಿ, ನನ್ನದೇ ಸಿಟ್ಟಿನಲ್ಲಿ ಜಗಳಾಡುತ್ತಿದ್ದಳು. ಎರಡು ತಿಂಗಳಲ್ಲಿ ಅವಳಿಗೆ ಸಿಟ್ಟು ಬಂದದ್ದು ಅದೇ ಮೊದಲು. ಬೈಯಲಿ, ಸಂಜೆಯವರೆಗೂ ಬೈಯಲಿ ಅಂತ ಕೂತೆ. ಬೈದು ಬೈದು ಸುಸ್ತಾಗಿ ಅತ್ತಳು. ಆಗ ನನ್ನ ಹೆಗಲಿಗೇ ಒರಗಿ ಅತ್ತಳು.

ನಾನು ಸೊಂಟದಿಂದ ಚಾಕು ತೆಗೆದೆ. ನೆಲಕ್ಕಿಡಲಿಲ್ಲ. ಹಿಡಿಯನ್ನು ಅವಳ ಕಡೆ ಮಾಡಿ ಕೈಗೇ ಕೊಟ್ಟೆ. ಜಗಳ ಹತ್ತುತ್ತದೆ ಅನ್ನುವುದಾದರೆ, ಹತ್ತಿ ಈಗಷ್ಟೇ ಮುಗಿದಿತ್ತು.

ಅವಳು ತಿರುಗಿಸಿ ನೋಡಿದಳು. “ಯಾರು ಮಸದಾರ?”

“ನಾನ.”

ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅದು ಅವಳಿಗೆ ಕಾಣಿಸದೆ ಇದ್ದೀತೇ? ಸ್ವಲ್ಪ ಹೊತ್ತಿಗೆ ಚಾಕುವನ್ನು ಹಿಡಿ ನನ್ನ ಕಡೆ ಮಾಡಿ ವಾಪಸು ಕೊಟ್ಟಳು.

“ನನ್ನ ಕಡೆ ಬ್ಯಾಡಮ್ಮೀ. ನೀನ ಇಟಗೋ. ಒಂದೊಂದು ದಿನ ನನಗೂ ನನ್ನ ಮ್ಯಾಲೆ ಭರೋಸಾ ಇರಂಗಿಲ್ಲ. ಆದ್ರ ಮೊಂಡ ಮಾಡಬ್ಯಾಡ.”

ಇದನ್ನು ಕೇಳಿ ನನ್ನ ಎದೆ ಒಡೆಯಿತು ಅನ್ನಲೇ, ಗಟ್ಟಿಯಾಯಿತು ಅನ್ನಲೇ, ಇವತ್ತಿಗೂ ಗೊತ್ತಾಗಿಲ್ಲ. “ಅಂಥಾ ದಿನ ನನಗ ಹೇಳ್ತಿ?” ಅಂತ ಕೇಳಿದೆ. “ಹೇಳ್ತೀನಿ, ನೀ ಒದರಾಡಂಗಿಲ್ಲ ಅಂದ್ರ” ಅಂದಳು. ಗುಳಿಗೆ ತೆಗೆದುಕೊಟ್ಟೆ, ನುಂಗಿದಳು.

ಸೋಮವಾರ ಲಿಂಗಸುಗೂರಿನಲ್ಲಿ ಮೇಡಂ ಡಾಕ್ಟರ ಮುಂದೆ ಏನನ್ನೂ ಮುಚ್ಚಿಡದೆ ಹೇಳಿದೆ. ಅವರಿಂದ ಬೈಸಿಕೊಂಡದ್ದು ಬಹಳ, ಚಾಕು ಕೈಯಲ್ಲಿದ್ದಾಗ ಎದ್ದು ಹೋದದ್ದಕ್ಕೇ ಹೆಚ್ಚು. ಮಗಳೊಬ್ಬಳ ಜೊತೆಯೇ ಮಾತಾಡಿ, ಗುಳಿಗೆ ಬದಲಿಸಿ, ಧಾರವಾಡ ಸದ್ಯಕ್ಕೆ ಬೇಡ, ವಾರಕ್ಕೊಮ್ಮೆ ಇಲ್ಲಿಗೇ ಬನ್ನಿ ಅಂದರು. ವಾಸಿಯಾಯಿತು ಅಂತ ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಕಳೆದ ಬುಧವಾರ ಬೆಳಿಗ್ಗೆ ಕಹಕಶಾ “ಇವತ್ತು ಚಾಕು ಬ್ಯಾಡಮ್ಮೀ” ಅಂದಳು. ನಾನು ಒದರಾಡಲಿಲ್ಲ. ರೊಟ್ಟಿಯ ಕೆಲಸ ಬಿಟ್ಟು ಇಡೀ ದಿನ ಅವಳ ಪಕ್ಕದಲ್ಲಿ ಮಲಗಿಕೊಂಡೆ. ಆ ದಿನ ಹೇಗೆ ಕಳೆಯಿತೆಂದು ನನಗೊಬ್ಬಳಿಗೆ ಗೊತ್ತು.

ದಿನಾ ಬೆಳಿಗ್ಗೆ ಬಟ್ಟೆ ಒಗೆಯುವ ಮೊದಲು ಚಾಕು ಮಸೆಯುತ್ತೇನೆ. ಒಗೆಯುವ ಕಲ್ಲಿನ ಮೇಲಲ್ಲ, ಮೌನೇಶಪ್ಪ ಕೊಟ್ಟ ಕಲ್ಲಿನ ಮೇಲೆ. ಹೆದರಿಕೆ ಹೋಗಿಲ್ಲ. ಹೆದರುತ್ತಲೇ ಮಸೆಯುತ್ತೇನೆ, ಕಾಗದ ಕೊಯ್ದು ನೋಡುತ್ತೇನೆ.

ನಿನ್ನೆ ನಾಲ್ಕು ಗಂಟೆಗೆ ಅವಳೇ ಆ ಹಕ್ಕಿಯನ್ನು ಹುಡುಕಿ ತಂದಳು. ಬಾಲ ಇನ್ನೂ ಬಾಕಿ ಇತ್ತು. ಎಡಗೈಗೆ ಪಟ್ಟಿ ಇದ್ದುದರಿಂದ ಕಟ್ಟಿಗೆ ಹಿಡಿಯಲು ಬರುತ್ತಿರಲಿಲ್ಲ. “ನೀ ಹಿಡಿ ಅಮ್ಮೀ, ನಾ ಕೆತ್ತತೀನಿ” ಅಂದಳು. ಹಕ್ಕಿಯ ತಲೆಯನ್ನು ಎರಡೂ ಕೈಯಿಂದ ಹಿಡಿದು ಅವಳ ಮುಂದೆ ಚಾಚಿದೆ. ಹರಿತದ ಅಲಗು ಬಾಲದ ಮೇಲೆ ಇಳಿಯಿತು, ತೆಳ್ಳನೆಯ ಸಿಪ್ಪೆ ಸುರುಳಿ ಸುತ್ತಿ ನನ್ನ ಮಡಿಲಿಗೆ ಬಿತ್ತು. ನನ್ನ ಕಣ್ಣು ಅವಳ ಮಣಿಕಟ್ಟಿನ ಮೇಲೇ ಇತ್ತು. ಅವಳು ಸಟ್ಟನೆ ಕೈ ನಿಲ್ಲಿಸಿದಳು.

“ಬೆರಳು ಹಿಂದಕ ತಗೋ ಅಮ್ಮೀ,” ಅಂದಳು. “ನಿನಗ ಬಡದೀತು.”

ನಾನು ಬೆರಳು ಹಿಂದಕ್ಕೆ ತೆಗೆದೆ.